ಬಲಗಣ್ಣಿಗೆ ಬಿದ್ದ ನೀರು

ನನ್ನ ಬಲಗಣ್ಣಿಗೆ ಈಗ ಎದುರಿಗೆ ನಿಂತವರು ಕಾಣುತ್ತಾರೆ. ನಿಂತವರು ಯಾರೆಂದು ಕಾಣುವುದಿಲ್ಲ. ಇಷ್ಟಾದರೂ ಉಳಿಯಿತಲ್ಲ ಎಂದು ಡಾಕ್ಟರು ಹೇಳುತ್ತಾರೆ. ಆ ಮಾತನ್ನು ಸಮಾಧಾನವೆಂದು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಮುಖಕ್ಕೆ ಕರವಸ್ತ್ರ ಒತ್ತಿ ಹಿಡಿದು, ಇದು ತನಗೊಬ್ಬಳಿಗೇ ಏಕೆ ಬಂತು ಎಂದುಕೊಳ್ಳುತ್ತಿರುವ ಯಾರಿಗಾದರೂ ಜೊತೆಗಿದ್ದವರು ಓದಿ ಹೇಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಅವರು ತಾವೇ ಓದಿಕೊಳ್ಳುವ ಸ್ಥಿತಿಯಲ್ಲಿ ಇರಲಿಕ್ಕಿಲ್ಲ ಎಂಬುದು ನನಗೆ ಗೊತ್ತು.

ನನ್ನ ಹೆಸರು ಸುನಂದಾ. ಖಾನಾಪುರ ತಾಲೂಕಿನಲ್ಲಿ ಹೊಲಗದ್ದೆ ಅಳೆಯುವ ಸರ್ವೇಯರು. ಮನೆ ಬೆಳಗಾವಿಯ ಅನಗೋಳದಲ್ಲಿ, ಅವ್ವನ ಜೊತೆ. ನಮ್ಮ ಅಜ್ಜ ಕುರಿ ಕಾಯ್ದ, ಅಪ್ಪ ಕಾರಖಾನೆಯಲ್ಲಿ ಲೇಥ್ ಯಂತ್ರ ನಡೆಸಿದ, ನಾನು ಮೂರು ಕಾಲಿನ ಯಂತ್ರ ಹೊತ್ತು ಗದ್ದೆಯ ಬದುವಿನ ಮೇಲೆ ನಿಲ್ಲುತ್ತೇನೆ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವನಿಂದ ನನಗೂ ನನ್ನ ತಂಗಿ ಗೀತಾಳಿಗೂ ಬಂದದ್ದು ಅವನ ಕಣ್ಣು. ನನ್ನ ಕನ್ನಡಕ ಮೈನಸ್ ಒಂಬತ್ತು, ಅವಳದು ಏಳು.

ಹಿಂದೆ ನನ್ನನ್ನು ನೋಡಲು ಮೂರು ಮನೆಯವರು ಬಂದಿದ್ದರು. ಮೂವರೂ ಶಿರಾ ತಿಂದು, ಚಹಾ ಕುಡಿದು, ಹೊಸ್ತಿಲು ದಾಟುವಾಗ ಅವ್ವನನ್ನು ಬದಿಗೆ ಕರೆದು ಒಂದೇ ಮಾತು ಹೇಳಿದರು. "ಹುಡುಗಿ ಚಲೋ ಅದಾಳ್ರಿ, ಆದ್ರ ಚಷ್ಮಾ ಭಾಳ ದಪ್ಪ ಐತಿ." ಮೂರನೆಯವರು ಹೋದ ಮೇಲೆ, ಇನ್ನು ಯಾರನ್ನೂ ಕರೆಸಬೇಡ ಎಂದು ನಾನೇ ಅವ್ವನಿಗೆ ಹೇಳಿದೆ.

ಕಾಂಟ್ಯಾಕ್ಟ್ ಲೆನ್ಸ್ ಹಾಕಲು ಶುರು ಮಾಡಿದ್ದು ಕೆಲಸಕ್ಕಾಗಿ. ಖಾನಾಪುರದ ಮಳೆ ಸುಮ್ಮನೆ ಬಂದು ಹೋಗುವಂಥದ್ದಲ್ಲ. ಗದ್ದೆಯಲ್ಲಿ ನಿಂತು ಯಂತ್ರದ ಕಿಂಡಿಗೆ ಕಣ್ಣಿಟ್ಟರೆ ಕನ್ನಡಕದ ಮೇಲೆ ಮಂಜು ಹಿಡಿದು ಎದುರಿನ ಕೋಲಿನ ಗುರುತು ಕಾಣುತ್ತಿರಲಿಲ್ಲ. ಪಟ್ಟಣದ ಕನ್ನಡಕದ ಅಂಗಡಿಯವನು ಲೆನ್ಸ್ ಕೊಟ್ಟಾಗ ಬೆರಳು ಮಡಚಿ ಮಡಚಿ ಹೇಳಿದ್ದ: ಕೈ ತೊಳೆದು ಒರೆಸಿಕೊಳ್ಳಬೇಕು, ಡಬ್ಬಿಯಲ್ಲಿ ದಿನಾ ಹೊಸ ದ್ರಾವಣ ಹಾಕಬೇಕು, ಹಳೆಯದರ ಮೇಲೆ ಸುರಿಯಬಾರದು, ಮಲಗುವಾಗ ಮತ್ತು ಜಳಕ ಮಾಡುವಾಗ ತೆಗೆಯಬೇಕು, ಡಬ್ಬಿಯನ್ನು ಆಗಾಗ ಬದಲಿಸಬೇಕು. ಕೊನೆಗೆ ಅವನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಬಾಯಾರ, ನೀರ ಮಾತ್ರ ಮುಟ್ಟಿಸಬ್ಯಾಡ್ರಿ. ಕುಡಿಯೂ ನೀರಾದ್ರೂ ಬ್ಯಾಡ."

ಒಂದು ತಿಂಗಳು ಹಾಗೆಯೇ ಮಾಡಿದೆ. ಆಮೇಲೆ ಒಂದು ದಿನ ದ್ರಾವಣದ ಬಾಟಲಿಯನ್ನು ಅನಗೋಳದಲ್ಲೇ ಮರೆತು ಖಾನಾಪುರದ ಬಾಡಿಗೆ ಖೋಲಿಯಲ್ಲಿ ಉಳಿಯಬೇಕಾಯಿತು. ನಲ್ಲಿ ತಿರುಗಿಸಿ ಡಬ್ಬಿ ತುಂಬಿದೆ. ಬೆಳಿಗ್ಗೆ ಹಾಕಿಕೊಂಡೆ. ಏನೂ ಆಗಲಿಲ್ಲ. ಹುಟ್ಟಿದ ಕೂಸಿನಿಂದ ಹಿಡಿದು ಹೆಣದ ತನಕ ಎಲ್ಲವನ್ನೂ ತೊಳೆಯುವ ನೀರು ಕಣ್ಣಿಗೇನು ಮಾಡೀತು? ಮುಂದೆ ಅದೇ ರೂಢಿಯಾಯಿತು. ಏನೂ ಆಗದೆ ಹೋದ ಆ ಮೊದಲ ದಿನವೇ ನನ್ನನ್ನು ಕೆಡಿಸಿತು ಎಂದು ಈಗ ಅನ್ನಿಸುತ್ತದೆ.

ಗೀತಾಳ ಮದುವೆಯ ಮಾತು ಬಂದಾಗ ನಾನು ಅವಳನ್ನು ಅದೇ ಅಂಗಡಿಗೆ ಕರೆದುಕೊಂಡು ಹೋದೆ. ಹಲಸಿಯಿಂದ ನೋಡಲು ಬಂದವರ ಮುಂದೆ ಅವಳು ಬರಿಗಣ್ಣಿನ ಹುಡುಗಿಯಾಗಿ ಕುಳಿತಳು. ಹುಡುಗ ಮಾರುತಿ ವಿದ್ಯುತ್ ಲೈನ್‌ಮನ್. ಮನೆಯಲ್ಲಿ ಅವನು ಮತ್ತು ಅವನ ತಾಯಿ ಶಾಂತಾಬಾಯಿ. ಒಪ್ಪಿಗೆಯಾಯಿತು. ಕನ್ನಡಕವನ್ನು ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಇಟ್ಟವಳು ನಾನೇ. "ಮದಿವಿ ಆದ ಮ್ಯಾಲೆ ನಿಧಾನಕ ಹೇಳಿದ್ರಾತು" ಎಂದೆ. ಲೆನ್ಸ್ ತೊಳೆಯುವುದನ್ನು ಕಲಿಸಿದವಳೂ ನಾನೇ. ಅಂಗಡಿಯವನು ಹೇಳಿದ್ದು ಅವಳಿಗೆ ಉದ್ದವೆನಿಸಿತು. "ಅವೆಲ್ಲಾ ಬ್ಯಾಡ. ನಲ್ಲಿ ಕೆಳಗ ಹಿಡಿ, ಸಾಕು. ನಾ ವರ್ಷಗಟ್ಟಲೆ ಹಂಗಽ ಮಾಡೀನಿ" ಎಂದು ನಮ್ಮ ಬಚ್ಚಲಿನಲ್ಲಿ ನಿಂತು ತೋರಿಸಿದೆ.

ಮದುವೆಯಾಗಿ ವರ್ಷ ಕಳೆದರೂ ಹಲಸಿಯಲ್ಲಿ ಯಾರೂ ಏನೂ ಹೇಳಿರಲಿಲ್ಲ.

ಆ ಸಲದ ಮಳೆಗಾಲ ಶುರುವಾಗಿ ಹದಿನೈದು ದಿನವಾಗಿತ್ತು. ಒಂದು ಮುಂಜಾನೆ ಬಲಗಣ್ಣಿನಲ್ಲಿ ಮರಳಿನ ಕಣ ಸಿಕ್ಕಂತೆ ಅನ್ನಿಸಿತು. ಲೆನ್ಸ್ ತೆಗೆದು ತೊಳೆದೆ, ನಲ್ಲಿಯ ಕೆಳಗೇ. ಮತ್ತೆ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ಬಸ್ ನಿಲ್ದಾಣದ ಹತ್ತಿರದ ಔಷಧದ ಅಂಗಡಿಯವನು ನನ್ನ ಮುಖವನ್ನೂ ಸರಿಯಾಗಿ ನೋಡದೆ ಒಂದು ಹನಿ ಔಷಧ ಕೊಟ್ಟ. "ಕಣ್ಣ ಬಂದಾವ್ರಿ. ಊರ ತುಂಬ ಅದಽ ಐತಿ."

ಹನಿ ಹಾಕಿದ ಎರಡು ದಿನ ಕೆಂಪು ಇಳಿಯಿತು. ನಾನು ಬದುವಿನ ಮೇಲೆ ಹೋಗಿ ನಿಂತೆ. ನಾಲ್ಕನೆಯ ದಿನ ನೋವು ತಿರುಗಿ ಬಂತು. ಅದಕ್ಕೆ ನೋವು ಎಂಬ ಹೆಸರು ಸಾಲದು. ಕಣ್ಣಿನ ಹಿಂದೆ ಯಾರೋ ಕುಳಿತು ಬಿಸಿ ದಬ್ಬಣವನ್ನು ನಿಧಾನವಾಗಿ ಹೊರಕ್ಕೆ ತಳ್ಳಿದಂತೆ. ಬೆಳಕು ತಾಗಿದರೆ ಹಲ್ಲು ಕಚ್ಚಿಕೊಳ್ಳಬೇಕು. ಬೆಳಗಾವಿಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆ. ವೈರಸ್ಸು ಎಂದು ಔಷಧ ಬದಲಿಸಿದರು. ಅವರದು ತಪ್ಪೆಂದು ನಾನು ಹೇಳುವುದಿಲ್ಲ. ಲೆನ್ಸ್ ಹಾಕುತ್ತೀಯಾ ಎಂದು ಅವರು ಕೇಳಿದರು, ಹೌದು ಎಂದೆ. ಸ್ವಚ್ಛವಾಗಿ ಇಡುತ್ತೀಯಾ ಎಂದರು. ಅದಕ್ಕೂ ಹೌದು ಎಂದೆ. ನಾನು ಸುಳ್ಳು ಹೇಳಿದ್ದಲ್ಲ. ದಿನಾ ತೊಳೆಯುತ್ತಿದ್ದೆನಲ್ಲ.

ಅವ್ವ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಘಾಟು ಏಳಲಿಲ್ಲವೆಂದು, ಯಾರದೋ ದೊಡ್ಡ ದೃಷ್ಟಿ ತಾಗಿದೆ ಎಂದಳು. ಕಿಟಕಿಗೆ ಹಳೆಯ ಕೌದಿ ಕಟ್ಟಿದಳು. ಕೌದಿಯ ಹೊಲಿಗೆಯ ಸಂದಿನಿಂದ ಬರುವ ಬೆಳಕಿನ ಎಳೆಯನ್ನೂ ತಡೆಯಲಾರದೆ ನಾನು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಮೂರನೆಯ ವಾರ ಕನ್ನಡಿಯಲ್ಲಿ ನೋಡಿಕೊಂಡಾಗ ಕಪ್ಪು ಗುಡ್ಡೆಯ ಮೇಲೆ ಬೂದು ಬಣ್ಣದ ಉಂಗುರವೊಂದು ಕಂಡಿತು. ಬಳೆಯ ಚೂರಿನಂತೆ, ಇನ್ನೂ ಪೂರ್ತಿ ಕೂಡದ ಸುತ್ತು. ಮಾರನೆಯ ದಿನ ಅದು ಕೂಡಿಕೊಂಡಿತ್ತು.

ಅವ್ವ ನನ್ನನ್ನು ರಿಕ್ಷಾದಲ್ಲಿ ದೊಡ್ಡ ಕಣ್ಣಾಸ್ಪತ್ರೆಗೆ ಕರೆದೊಯ್ದಳು. ಅಲ್ಲಿಯ ಕಾಯುವ ಕೋಣೆಗೆ ಎರಡು ದೊಡ್ಡ ಕಿಟಕಿಗಳು. ಕಣ್ಣು ಕೆಟ್ಟವರನ್ನು ಇಷ್ಟು ಬೆಳಕಿನಲ್ಲಿ ಕೂರಿಸುತ್ತಾರಲ್ಲ ಎಂದು ನಾನು ಅಳುವಂತಾದೆ. ಕಿಟಕಿಗೆ ಬೆನ್ನು ಮಾಡಿ ಮೂಲೆಯಲ್ಲಿ ಕುಳಿತಿದ್ದ ಒಬ್ಬ ಮುದುಕ ಎದ್ದು ತನ್ನ ಜಾಗ ತೋರಿಸಿದ. ಖಾನಾಪುರದ ಕಡೆಯ ರೈತ. ಎಡಗಣ್ಣಿಗೆ ಹತ್ತಿ ಕಟ್ಟಿತ್ತು.

"ಇಲ್ಲಿ ಕುಂದರವಾ. ಇಲ್ಲಿ ಬೆಳಕ ಕಡಿಮಿ ಬರತೈತಿ."

"ನಿಮಗ ಬ್ಯಾಡೇನ್ರಿ ಕಾಕಾ?"

"ನಂದು ಬೆಳಕ ಕಾಣೂ ಹಂತ ದಾಟೇತಿ." ಅವನು ನಕ್ಕಂತೆ ಕೇಳಿಸಿತು. "ಭತ್ತ ಬಡಿಯುವಾಗ ಸಿಪ್ಪಿ ಸಿಡಿದು ಹೋತು. ನಿನಗ ಏನ್ ಬಡೀತು?"

ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಏನೂ ಬಡಿದಿಲ್ಲ ಎಂದೆ. ಆತ "ಬಡೀಲಾರದ ಬಂದಿದ್ದು ಕೆಟ್ಟವಾ" ಎಂದ.

ಒಳಗೆ ಕಣ್ಣು ನೋಡಿದ ಡಾಕ್ಟರು ನನ್ನಷ್ಟೇ ವಯಸ್ಸಿನ ಹೆಣ್ಣುಮಗಳು. ಯಂತ್ರಕ್ಕೆ ಗದ್ದ ಇಡಿಸಿ ಬಹಳ ಹೊತ್ತು ನೋಡಿದರು. ಆಮೇಲೆ, ಲೆನ್ಸ್ ಸ್ವಚ್ಛವಾಗಿ ಇಡುತ್ತೀರಾ ಎಂದು ಅವರು ಕೇಳಲಿಲ್ಲ.

"ಲೆನ್ಸ್ ಯಾವ ನೀರಾಗ ತೊಳಿತಿದ್ರಿ?" ಎಂದರು.

ಆ ಪ್ರಶ್ನೆಯಲ್ಲೇ ಉತ್ತರವಿತ್ತು. ನಲ್ಲಿಯ ನೀರು ಎಂದೆ. ಒಮ್ಮೊಮ್ಮೆ ಗದ್ದೆಯ ಬಾವಿಯದು ಎಂದೆ. ಹೇಳುತ್ತ ಹೇಳುತ್ತ ನನಗೇ ನನ್ನ ಧ್ವನಿ ಬೇರೆ ಯಾರದೋ ಅನ್ನಿಸಿತು. ಗುಡ್ಡೆಯ ಮೇಲಿಂದ ಚೂರು ಕೆರೆದು ಪರೀಕ್ಷೆಗೆ ಕಳಿಸಿದರು. ಕಣ್ಣು ಮರಗಟ್ಟಿದ್ದರೂ ಕೆರೆಯುವ ಸದ್ದು ಬುರುಡೆಯೊಳಗೆ ಕೇಳಿಸಿತು. ಮೂರು ದಿನ ಕಾದೆವು. ಆ ಮೂರು ದಿನ ಅವ್ವ ಒಂದು ಸಲವೂ ದೇವರ ಹೆಸರು ಹೇಳಲಿಲ್ಲ. ನನಗೆ ಹೆಚ್ಚು ಭಯವಾದದ್ದು ಅದಕ್ಕೆ.

ನೀರಿನಲ್ಲಿ, ಮಣ್ಣಿನಲ್ಲಿ ಎಲ್ಲೆಲ್ಲೂ ಇರುವ ಒಂದು ಹುಳು ಎಂದು ಡಾಕ್ಟರು ಹೇಳಿದರು. ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಲೆನ್ಸಿಗೆ ಅಂಟಿಕೊಂಡು ಬಂದು ಗುಡ್ಡೆಯೊಳಗೆ ಸೇರಿದೆ. ಮೊದಲು ಹಾಕಿದ ಹನಿಗಳಿಂದ ಕೆಂಪು ಮಾತ್ರ ಅಡಗಿತ್ತು, ಅದು ಒಳಗೊಳಗೇ ಬೆಳೆಯುತ್ತ ಹೋಗಿತ್ತು. ಗಂಟೆಗೊಂದು ಸಲ ಹನಿ, ಹಗಲೂ ರಾತ್ರಿಯೂ. ಎಷ್ಟು ದಿನ ಎಂದರೆ, ದಿನದ ಮಾತಲ್ಲ, ತಿಂಗಳುಗಳ ಮಾತು. ಕಣ್ಣು ಉಳಿಯುತ್ತದೆಯೇ ಎಂದು ಅವ್ವ ಕೇಳಿದಳು. "ಪ್ರಯತ್ನ ಮಾಡೂಣ್ರಿ ಅವ್ವಾರ" ಎಂದರು.

ಚೀಟಿ ಬರೆಯುತ್ತಿದ್ದವರು ತಲೆಯೆತ್ತದೆಯೇ ಇನ್ನೊಂದು ಮಾತು ಕೇಳಿದರು. "ನಿಮ್ಮ ಮನ್ಯಾಗ ಮತ್ತ ಯಾರರ ಲೆನ್ಸ್ ಹಾಕ್ತಾರೇನು?"

ನಮ್ಮ ಬಚ್ಚಲು, ನಲ್ಲಿಯ ಕೆಳಗೆ ಚಾಚಿದ ಗೀತಾಳ ಅಂಗೈ, ಆ ಅಂಗೈಯ ಮಧ್ಯೆ ಮೀನಿನ ಹುರುಪೆಯಂಥ ಲೆನ್ಸ್. ತಂಗಿ ಹಾಕುತ್ತಾಳೆ ಎಂದೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಗೀತಾಳಿಗೆ ಫೋನ್ ಹಚ್ಚಿದೆ. ಹತ್ತಲಿಲ್ಲ. ಮಳೆಗಾಲದಲ್ಲಿ ಹಲಸಿಯ ಫೋನುಗಳು ಹೀಗೆಯೇ. ಮಾರುತಿಯದೂ ಹತ್ತಲಿಲ್ಲ, ಗಾಳಿಗೆ ಕಂಬ ಬಿದ್ದಿವೆಯೆಂದರೆ ಅವನು ಮೂರು ಮೂರು ದಿನ ಅಡವಿಯಲ್ಲಿರುತ್ತಾನೆ. ಸಂಜೆಯ ತನಕ ಇಪ್ಪತ್ತು ಸಲ ಪ್ರಯತ್ನಿಸಿದೆ. ನಾಳೆ ಹಲಸಿಗೆ ಹೋಗುತ್ತೇನೆ ಎಂದಾಗ ಅವ್ವ ಕೈ ಹಿಡಿದುಕೊಂಡಳು.

"ಹೋಗಿ ಏನಂತ ಹೇಳ್ತಿ? ಚಷ್ಮಾ ಮುಚ್ಚಿಟ್ಟ ಮದಿವಿ ಮಾಡೇವಿ ಅಂತ ಹೇಳ್ತೀಯೇನ? ಆಕಿ ಸಂಸಾರ ಮುರದ ಹೋದ್ರ?"

"ಕಣ್ಣ ಹೋದ್ರ ಏನ್ ಮಾಡೂದವ್ವಾ?"

"ಆಕೀಗೂ ಆಗೇತಿ ಅಂತ ನಿನಗ ಯಾರ ಹೇಳ್ಯಾರ?"

ಯಾರೂ ಹೇಳಿರಲಿಲ್ಲ. ಆದರೆ ಗೀತಾ ಎಂಟು ದಿನದಿಂದ ಫೋನ್ ಮಾಡಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಬೆಳಿಗ್ಗೆ ನಾವು ಬಸ್ಸು ಹತ್ತಿದೆವು. ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿ, ಅದರ ಮೇಲೆ ಸೆರಗು ಎಳೆದುಕೊಂಡಿದ್ದೆ. ಔಷಧದ ಬಾಟಲಿಗಳ ಇಂಗ್ಲಿಷ್ ಚೀಟಿ ಅವ್ವನಿಗೆ ಓದಲು ಬಾರದು. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಸಿರು, ನೋವಿನದಕ್ಕೆ ಬಿಳಿ ದಾರ ಸುತ್ತಿದ್ದಳು. ಪೀರನವಾಡಿ ದಾಟುವಾಗ ಒಂದು ಸಲ ಹನಿ ಹಾಕಿದಳು. ಬಸ್ಸು ಕುಲುಕಿ ಅರ್ಧ ಕೆನ್ನೆಯ ಮೇಲೆ ಹೋಯಿತು. ಖಾನಾಪುರದ ನಿಲ್ದಾಣದ ಬೆಂಚಿನ ಮೇಲೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ರೆಪ್ಪೆ ಬಿಡಿಸಿದಳು. ಸುತ್ತ ಮಂದಿ ಕೂಡಿದ್ದು ಉಸಿರಿನಿಂದಲೇ ತಿಳಿಯಿತು. ಯಾರೋ ಹೆಂಗಸು ಮರಾಠಿಯಲ್ಲಿ, "ಡೋಳೆ ಆಲೇತ್ ಕಾ?" ಎಂದು ಕೇಳಿದಳು, ಕಣ್ಣು ಬಂದಿವೆಯೇ ಎಂದು. ಕೇಳಿದವಳೇ ತನ್ನ ಮಗುವನ್ನು ಎಳೆದುಕೊಂಡು ದೂರ ಸರಿದಳು. ಅವ್ವ ಹನಿ ಹಾಕಿ, ಸೆರಗಿನಿಂದ ನನ್ನ ಕೆನ್ನೆ ಒರೆಸಿ, ಆ ಸೆರಗು ಕಣ್ಣಿಗೆ ತಾಗದಂತೆ ಎಚ್ಚರದಿಂದ ಕೈ ಹಿಂದೆ ತೆಗೆದುಕೊಂಡಳು. ಒಂದೇ ರಾತ್ರಿಯಲ್ಲಿ ಅವಳು ಅದನ್ನೆಲ್ಲ ಕಲಿತಿದ್ದಳು.

ಹಲಸಿಯಲ್ಲಿ ಇಳಿದಾಗ ಮಳೆ ಹಿಡಿದೇ ಇತ್ತು. ಹಳೆಯ ಗುಡಿಯ ಹಿಂದಿನ ಓಣಿಯಲ್ಲಿ ಮಾರುತಿಯ ಮನೆ. ಬಾಗಿಲು ತೆರೆದವಳು ಗೀತಾ. ನನ್ನ ಒಂದೇ ಕಣ್ಣಿಗೆ ಕನ್ನಡಕದೊಳಗಿಂದ ಅವಳ ಮುಖ ಕಾಣಲು ಒಂದು ಕ್ಷಣ ಬೇಕಾಯಿತು. ಅವಳ ಎಡಗಣ್ಣು ಕೆಂಪಗಿತ್ತು.

"ಏನ ಇದು?" ಎಂದೆ.

"ಧೂಳ ಹೋಗೈತಿ ಅಕ್ಕಾ. ನಿಂದ ಇನ್ನೂ ಆರಾಮ ಆಗಿಲ್ಲೇನ? ಕಣ್ಣಿಗಿ ಯಾಕ ಕಟ್ಟಿ?"

ವಾರಗಟ್ಟಲೆ ಬಿಡದೆ ಸುರಿಯುತ್ತಿದ್ದ ಆ ಮಳೆಯಲ್ಲಿ ಧೂಳು ಎಲ್ಲಿಂದ ಬರಬೇಕು? ಅವಳನ್ನು ಪಡಸಾಲೆಯ ಮೂಲೆಗೆ ಎಳೆದು, ಲೆನ್ಸ್ ತೆಗೆದು ಎಷ್ಟು ದಿನವಾಯಿತು ಎಂದು ಪಿಸುಮಾತಿನಲ್ಲಿ ಕೇಳಿದೆ. ಅವಳ ಕಣ್ಣಿಂದ ನೀರು ಇಳಿಯಿತು. ಅಳುವೋ ನೋವೋ ತಿಳಿಯಲಿಲ್ಲ. "ಐದ ದಿನಾ. ತಗದ್ರ ಏನೂ ಕಾಣೂದಿಲ್ಲ. ಮನಿ ತುಂಬ ಪಾವಣ್ಯಾರ ಬಂದ ಉಳದಿದ್ರು, ಎಲ್ಲಾರ ಮುಂದ ಹ್ಯಾಂಗ ತಗೀಲಿ? ಹಾಕ್ಕೊಂಡಽ ಮಲಗೀನಿ."

"ಈಗಿಂದೀಗ ತಗಿ. ಕೈ ತೊಳಕೊಂಡು, ಒಣಗಿಸಿಕೊಂಡು ತಗಿ."

"ತಗದ್ರ ಅತ್ತಿ ನೋಡ್ತಾರ."

"ಹೌದು, ನೋಡ್ತಾರ" ಎಂದು ಅಡುಗೆಮನೆಯ ಬಾಗಿಲಿನಿಂದ ಧ್ವನಿ ಬಂತು. ಶಾಂತಾಬಾಯಿ ಕೈಯಲ್ಲಿ ಹಿಟ್ಟು ಮೆತ್ತಿಕೊಂಡು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ನಾನು ಹೇಳಿದೆ. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡ ಮಾತು ಒಂದೂ ಬರಲಿಲ್ಲ. ಟ್ರಂಕಿನ ತಳದ ಕನ್ನಡಕದಿಂದ ಶುರುಮಾಡಿ, ನಲ್ಲಿಯ ನೀರಿನ ತನಕ ಹೇಳಿ, ಕೊನೆಗೆ ಕಣ್ಣಿನ ಬಟ್ಟೆ ಬಿಚ್ಚಿದೆ. ಶಾಂತಾಬಾಯಿ ಹತ್ತಿರ ಬಂದು ನೋಡಿದರು. "ಅಗಾಯಿ" ಎಂದವರು ಬಾಯಿ ಮುಚ್ಚಿಕೊಂಡರು. ಬೂದು ಉಂಗುರವನ್ನು ನೋಡಿದವರೆಲ್ಲ ಹಾಗೆಯೇ ಮಾಡುತ್ತಿದ್ದರು.

"ಚಷ್ಮಾದ ವಿಷಯ ನನಗ ಮದಿವ್ಯಾದ ಮೊದಲ ತಿಂಗಳದಾಗ ಗೊತ್ತಾಗೇತಿ" ಎಂದರು ಆಮೇಲೆ. "ಮುಂಜಾನೆ ಏಳತಿದ್ದಂಗ ಗ್ವಾಡಿ ಹಿಡಕೊಂಡ ಬಚ್ಚಲಕ್ಕ ಹೋಗ್ತಾಳ, ಬರುವಾಗ ನೆಟ್ಟಗ ನಡಕೋತ ಬರ್ತಾಳ. ನಾ ಏನ್ ಕುರುಡಿ ಅದೀನೇನ? ಆಕಿನಽ ಬಾಯಿ ಬಿಟ್ಟ ಹೇಳ್ಲಿ ಅಂತ ಸುಮ್ಮಿದ್ದೆ."

ಯಾರೂ ಬೈಯಲಿಲ್ಲ ಎಂಬ ಹಗುರ ನನಗೆ ಒಂದು ಗಳಿಗೆಯೂ ಉಳಿಯಲಿಲ್ಲ. ಅವಳು ಹೇಳಲಿ ಎಂದು ಇವರು, ಇವರು ಕೇಳಿಯಾರು ಎಂದು ಅವಳು, ಆಮೇಲೆ ಹೇಳಿದರಾಯಿತು ಎಂದು ನಾನು. ನಾವು ಹೆಂಗಸರೆಲ್ಲ ಮರ್ಯಾದೆಯಿಂದ ಸುಮ್ಮನಿದ್ದೆವು. ಅಷ್ಟರಲ್ಲಿ ಐದು ದಿನ ಆ ಕಣ್ಣಿಗೆ ಗಾಳಿ ಆಡಿರಲಿಲ್ಲ.

ಗೀತಾ ಲೆನ್ಸ್ ತೆಗೆದಾಗ ಕೂಗಿದಳು. ಕಪ್ಪು ಗುಡ್ಡೆಯ ಅಂಚಿನಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ ಇತ್ತು.

ಮಾರುತಿ ಮಧ್ಯಾಹ್ನ ಒದ್ದೆಯಾಗಿ ಬಂದ. ತಾಯಿ ಅವನನ್ನು ಒಳಗೆ ಕರೆದು ಹೇಳಿದರು. ಹೊರಬಂದವನು ಗೀತಾಳ ಕಣ್ಣನ್ನು ನೋಡಿದ, ಯಾರದೋ ಜೀಪು ಕೇಳಿ ತಂದ, ನಮ್ಮೆಲ್ಲರನ್ನೂ ಹತ್ತಿಸಿಕೊಂಡ. ಬೆಳಗಾವಿಯ ತನಕ ಒಂದು ಮಾತೂ ಆಡಲಿಲ್ಲ. ಗಂಟೆಗೊಮ್ಮೆ ಅವ್ವ ಹನಿ ಹಾಕುವಾಗ ಮಾತ್ರ, ಹೇಳದೆಯೇ ಜೀಪು ನಿಲ್ಲಿಸುತ್ತಿದ್ದ. ಆಸ್ಪತ್ರೆಯ ಬಾಗಿಲಲ್ಲಿ ಇಳಿಯುವಾಗ ನಾನೇ ಬಾಯಿಬಿಟ್ಟೆ. ತಪ್ಪು ನನ್ನದು, ಅವಳದಲ್ಲ ಎಂದೆ.

"ಕಣ್ಣಿನ ಮಾತಲ್ರಿ ಅಕ್ಕಾರ" ಎಂದ. "ಮದಿವಿ ಮಾತಿನಾಗ ಏನೂ ಮುಚ್ಚಿಟ್ಟಿಲ್ಲಂತ ನೀವಽ ಹೇಳಿದ್ರಿ. ನಾ ನಂಬಿದ್ದೆ." ಅಷ್ಟು ಹೇಳಿ ಗೀತಾಳ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ. ನನ್ನ ಜೊತೆ ಅವನು ಆಡಿದ ಮಾತು, ಮುಂದಿನ ಒಂದು ವರ್ಷಕ್ಕೂ ಹೆಚ್ಚು ಕಾಲ, ಅದೇ ಕೊನೆಯದು.

ಗೀತಾಳದು ನನ್ನ ರೋಗವಾಗಿರಲಿಲ್ಲ. ಲೆನ್ಸ್ ತೆಗೆಯದೆ ಮಲಗಿದ್ದರಿಂದ ಆದ ಹುಣ್ಣು; ಆಗತಾನೆ ಶುರುವಾಗಿತ್ತು. "ಇನ್ನ ಎರಡ ದಿನ ತಡಾ ಮಾಡಿದ್ರ" ಎಂದು ಡಾಕ್ಟರು ಮಾತು ನಿಲ್ಲಿಸಿದರು. ಮೂರು ವಾರದಲ್ಲಿ ವಾಸಿಯಾಯಿತು. ಅಂಚಿನಲ್ಲಿ ಒಂದು ಮಸುಕು ಚುಕ್ಕೆ ಉಳಿದಿದೆ, ನೋಟಕ್ಕೆ ಅಡ್ಡ ಬರುವುದಿಲ್ಲ. ಈಗ ಅವಳು ಹಲಸಿಯ ಓಣಿಯಲ್ಲಿ ದಪ್ಪ ಕನ್ನಡಕ ಹಾಕಿಕೊಂಡು ಓಡಾಡುತ್ತಾಳೆ.

ನನ್ನದು ಮುಗಿಯಲಿಲ್ಲ. ಹೇಳಿದರೆ ಒಂದು ಸಾಲು, ಅನುಭವಿಸಿದ್ದು ಹತ್ತು ತಿಂಗಳು. ಹೆರಳು ಹಾಕಿಕೊಳ್ಳಲೂ ತಲೆ ಬಗ್ಗಿಸಲಾಗದ ದಿನಗಳು. ಅವ್ವ ಗೋಡೆಗೆ ಒರಗಿ ಕುಳಿತಲ್ಲೇ ನಿದ್ದೆ ಮಾಡುವುದನ್ನು ಕಲಿತಳು. ಹನಿಯ ಹೊತ್ತಿಗೆಂದು ಫೋನಿನಲ್ಲಿ ಇಟ್ಟ ಗಂಟೆ ಹೊಡೆಯುವ ಮೊದಲೇ ಅವಳ ಕೈ ಕೆಂಪು ದಾರದ ಬಾಟಲಿಯ ಮೇಲೆ ಇರುತ್ತಿತ್ತು. ನೋವು ಕಡಿಮೆಯಾದ ಒಂದು ಮುಂಜಾನೆ ಅವಳು ರೊಟ್ಟಿ ಬಡಿಯುವ ಸದ್ದು ಕೇಳುತ್ತ ಮಲಗಿದ್ದೆ. ಆ ಸದ್ದು ತಲೆಯೊಳಗೆ ಚುಚ್ಚಲಿಲ್ಲ. ಕೇಳಿ ಸುಖವೆನಿಸಿತು. ಹುಷಾರಾಗುತ್ತಿದ್ದೇನೆ ಎಂದು ನನಗೆ ಮೊದಲು ಗೊತ್ತಾದದ್ದು ಹಾಗೆ.

ಜಾಗ ಬಿಟ್ಟುಕೊಟ್ಟ ಕಾಕಾ ಪ್ರತಿ ವಾರ ಸಿಗುತ್ತಿದ್ದ. ನನ್ನ ರೋಗದ ಹೆಸರು ತಿಳಿದ ಮೇಲೆ ಅವನಿಗೆ ಹೇಳಿದೆ, ನನಗೆ ಬಡಿದದ್ದು ನೀರು ಎಂದು. "ನೀರಽ?" ಎಂದು ಎರಡು ಸಲ ಕೇಳಿದ. ಕೈಯಲ್ಲಿದ್ದ ನೀರಿನ ಬಾಟಲಿಯನ್ನು ತಿರುಗಿಸಿ ನೋಡಿ, ಕುಡಿಯದೆ ಕೆಳಗಿಟ್ಟ. ಒಂದು ವಾರ ಅವನು ಬರಲಿಲ್ಲ. ಮುಂದಿನ ವಾರ ಬಂದಾಗ ಕಣ್ಣಿನ ಜಾಗದಲ್ಲಿ ದಪ್ಪ ಪಟ್ಟಿ ಇತ್ತು. ತೆಗೆದುಬಿಟ್ಟರು ಎಂದ. ಅವನೇ ನನ್ನ ಬೆನ್ನು ತಟ್ಟಿದ. "ಈಗ ನೋವ ಇಲ್ಲವಾ. ಖರೇ ಹೇಳ್ತೀನಿ, ನಿದ್ದಿ ಬರಾಕ ಹತ್ತೈತಿ." ಆ ದಿನ ಮನೆಗೆ ಬಂದು, ಹಾಗೆ ತೆಗೆಸಿಕೊಂಡರೆ ನಿದ್ದೆಯಾದರೂ ಬಂದೀತು ಎಂದು ನಾನೂ ಯೋಚಿಸಿದೆ. ಇಂಥ ಯೋಚನೆ ಬಂದವರು ಯಾರಾದರೂ ಇದನ್ನು ಕೇಳಿಸಿಕೊಳ್ಳುತ್ತಿದ್ದರೆ, ಅದು ನಿಮಗೊಬ್ಬರಿಗೇ ಬಂದದ್ದಲ್ಲ.

ಹುಳು ಸತ್ತ ಮೇಲೆ ಬಿಳಿ ಕಲೆ ಉಳಿಯಿತು. ಆ ಕಣ್ಣಿಗೆ ಹಗಲು ರಾತ್ರಿಯ ವ್ಯತ್ಯಾಸ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಣ್ಣಿನ ಮೇಲಿನ ಪದರವನ್ನೇ ಬದಲಿಸಬೇಕು, ಸತ್ತವರ ಕಣ್ಣು ಸಿಗುವ ತನಕ ಕಾಯಬೇಕು ಎಂದರು. ಆ ಕಾಯುವಿಕೆ ಬೇರೆ ತರಹದ್ದು. ಫೋನ್ ಬರಲಿ ಎಂದು ದಿನಾ ಬಯಸುತ್ತಿದ್ದೆ. ಹಾಗೆ ಬಯಸುವುದೆಂದರೆ ಯಾರದೋ ಮನೆಯಲ್ಲಿ ಹೆಣ ಬೀಳಲಿ ಎಂದು ಬಯಸಿದಂತೆ ಎಂದು ಹೊಳೆದು ನಾಚಿಕೊಳ್ಳುತ್ತಿದ್ದೆ. ಫೋನ್ ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಕೊಟ್ಟವರು ಯಾರೆಂದು ಹೇಳುವುದಿಲ್ಲ. ಹೆಂಗಸೋ ಗಂಡಸೋ, ಯಾವ ಊರೋ. ಆ ಹೊತ್ತಿನಲ್ಲಿ ಅಳು ನಿಲ್ಲಿಸಿ ಕಾಗದಕ್ಕೆ ಸಹಿ ಹಾಕಿದ ಆ ಮನೆಯವರನ್ನು ನಾನು ಆಗಾಗ ನೆನೆಯುತ್ತೇನೆ.

ಶಸ್ತ್ರಚಿಕಿತ್ಸೆಯ ದಿನ ಗೀತಾ ಬಂದಳು. ಅವಳ ಹಿಂದೆ ಮಾರುತಿಯೂ ಬಂದಿದ್ದ. ಬಂದು ದೂರದ ಬೆಂಚಿನ ಮೇಲೆ ಕುಳಿತ. ನನ್ನನ್ನು ಒಳಗೆ ಒಯ್ಯುವಾಗಲೂ ಏಳಲಿಲ್ಲ. ಮುಗಿದು ಹೊರಗೆ ತಂದಾಗ ಎರಡೂ ಕಣ್ಣು ಮುಚ್ಚಿಕೊಂಡಿದ್ದ ನನಗೆ ಧ್ವನಿಗಳು ಮಾತ್ರ ಕೇಳಿಸುತ್ತಿದ್ದವು. ಮುಂದಿನ ಔಷಧಗಳನ್ನು ಯಾರು ಹಾಕುತ್ತೀರಿ, ಅವರು ಸರಿಯಾಗಿ ಕೇಳಿಸಿಕೊಳ್ಳಬೇಕು ಎಂದು ನರ್ಸ್ ಹೇಳಿದರು. ಅವ್ವ ಅಳುತ್ತಿದ್ದಳು, ಗೀತಾಳ ಸದ್ದಿರಲಿಲ್ಲ.

"ನನಗ ಹೇಳ್ರಿ, ನಾ ಬರಕೋತೀನಿ" ಎಂದ ಮಾರುತಿ. ಪ್ರತಿ ಔಷಧದ ಹೆಸರನ್ನೂ ಹೊತ್ತನ್ನೂ ಎರಡೆರಡು ಸಲ ಕೇಳಿ ಬರೆದುಕೊಂಡ. ಆಮೇಲೆ ನನ್ನ ಹಾಸಿಗೆಯ ಹತ್ತಿರ ಬಂದು, "ಅಕ್ಕಾರ, ಮೊದಲನೇ ಹನಿ ನಾಕ ಗಂಟೇಕ ಐತ್ರಿ" ಎಂದ. ನಾನು ತಲೆ ಅಲ್ಲಾಡಿಸಬಾರದಿತ್ತು. ಕೈ ಎತ್ತಿ ತೋರಿಸಿದೆ, ಕೇಳಿಸಿತು ಎಂದು.

ಈಗ ನಾನು ಮತ್ತೆ ಗದ್ದೆಗೆ ಹೋಗುತ್ತೇನೆ, ಎಡಗಣ್ಣಿಗೆ ಕನ್ನಡಕ ಹಾಕಿಕೊಂಡು. ಕಿಂಡಿಗೆ ಎಡಗಣ್ಣು ಇಡುವುದನ್ನು ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯಬೇಕಾಯಿತು. ಮಂಜು ಹಿಡಿದರೆ ನಿಲ್ಲುತ್ತೇನೆ, ಒರೆಸುತ್ತೇನೆ, ಅಳತೆ ಕಾಯುತ್ತದೆ. ಮುಖ ತೊಳೆಯುವಾಗ ಬಲಗಣ್ಣನ್ನು ಬಿಗಿಯಾಗಿ ಮುಚ್ಚುತ್ತೇನೆ.

ಬೇರೆಯವರ ಪದರವನ್ನು ನನ್ನ ಕಣ್ಣು ಯಾವತ್ತು ಬೇಕಾದರೂ ಒಲ್ಲೆನೆನ್ನಬಹುದು ಎಂದು ಡಾಕ್ಟರು ಹೇಳಿದ್ದಾರೆ. ನಾಳೆಯೇ ಆಗಬಹುದು, ಹತ್ತು ವರ್ಷದ ಮೇಲೂ ಆಗಬಹುದು, ಆಗದೆಯೂ ಇರಬಹುದು. ಕೆಂಪು ಕಂಡ ದಿನವೇ ಓಡಿ ಬರಬೇಕು, ಒಂದು ರಾತ್ರಿಯೂ ಕಾಯಬಾರದು. ಹಾಗಾಗಿ ದಿನಾ ಮುಂಜಾನೆ ಹಲಸಿಯಿಂದ ಫೋನ್ ಬರುತ್ತದೆ. ಹೆಚ್ಚಾಗಿ ಗೀತಾ, ಒಮ್ಮೊಮ್ಮೆ ಶಾಂತಾಬಾಯಿ, ಅವರಿಬ್ಬರೂ ಕೆಲಸದಲ್ಲಿದ್ದರೆ ಮಾರುತಿ. ಚಹಾ ಆಯಿತೇ ಎಂದು ಯಾರೂ ಕೇಳುವುದಿಲ್ಲ.

"ಕೆಂಪ ಐತೇನ?" ಎಂದು ಕೇಳುತ್ತಾರೆ.

ಇಲ್ಲ ಎಂದು ನಾನು ಥಟ್ಟನೆ ಹೇಳುವುದಿಲ್ಲ. ಫೋನನ್ನು ಕಿವಿಗೆ ಹಿಡಿದುಕೊಂಡೇ ಕನ್ನಡಿಯ ಮುಂದೆ ಹೋಗುತ್ತೇನೆ, ದೀಪ ಹಚ್ಚುತ್ತೇನೆ, ರೆಪ್ಪೆ ಬಿಡಿಸುತ್ತೇನೆ. ಆ ಕಡೆ ಅವರು ಉಸಿರು ಹಿಡಿದು ನಿಂತಿರುತ್ತಾರೆ. ಪೂರ್ತಿ ನೋಡಿ ಆದ ಮೇಲೆ ಹೇಳುತ್ತೇನೆ.